ತರಬೇತಿ ಅವಳಿಗೆ, ಪ್ರಯೋಗ ನನ್ನ ಮೇಲೆ

ಮನೆಯಲ್ಲೊಬ್ಬರು ತರಬೇತಿಗೆ ಹೋಗಿ ಬಂದರೆ ಉಳಿದವರು ಕೆಲವು ದಿನ ಹುಷಾರಾಗಿರಬೇಕು. ನರ್ಸಿಂಗ್ ಕಲಿಯುವವರಿದ್ದರೆ ಮನೆಮಂದಿಯೆಲ್ಲ ಬಿ.ಪಿ.ಗೆ ತೋಳು ಚಾಚಬೇಕು. ಬಿ.ಇಡಿ. ಓದುವವರಿದ್ದರೆ ಪಕ್ಕದ ಮನೆಯ ಮಕ್ಕಳೂ ಪಾಠಯೋಜನೆಗೆ ಬಲಿ. ನಮ್ಮ ಮನೆಯಾಕೆ ಗ್ರಾಮ ಪಂಚಾಯಿತಿ ಗ್ರಂಥಾಲಯದ ಮೇಲ್ವಿಚಾರಕಿ. ಕಲಿತು ಬಂದದ್ದನ್ನು ಮೊದಲು ಒಬ್ಬ ಓದುಗನ ಮೇಲೆ ಪ್ರಯೋಗಿಸಿ ನೋಡಬೇಕು ಅನ್ನುವುದು ಅವಳ ಪದ್ಧತಿ. ನಾನು ನಿವೃತ್ತ. ಮಂಡಿನೋವು ಬೇರೆ ಇರುವುದರಿಂದ ಓಡಿಹೋಗುವ ಹಾಗೂ ಇಲ್ಲ.

ನಾನಾದರೋ ಪ್ರಥಮ ದರ್ಜೆ ಸಹಾಯಕನಾಗಿ, ಅಂದರೆ ಎಫ್‌ಡಿಎ ಆಗಿ, ಇಡೀ ಸರ್ವೀಸನ್ನು ಒಂದೇ ಒಂದು ತರಬೇತಿ ಇಲ್ಲದೆ ಮುಗಿಸಿದವನು. ಕಡತ ತಂತಾನೇ ಕಲಿಸುತ್ತದೆ ಅನ್ನುವುದು ನಮ್ಮ ಕಾಲದ ನಂಬಿಕೆ. ಆದ್ದರಿಂದ ಇವಳಿಗೆ ತರಬೇತಿಯ ಆದೇಶ ಬಂದಾಗಲೆಲ್ಲ ನಾನು ಪತ್ರಿಕೆಯ ಮರೆಯಿಂದ ಒಂದೇ ಮಾತು ಹೇಳುತ್ತಿದ್ದೆ: "ಬೀಗ ತೆಗೆಯೋದು, ಪೇಪರ್ ಹರಡೋದು, ಬೀಗ ಹಾಕೋದು. ಇದಕ್ಕೇನೇ ತರಬೇತಿ?"

ಹೀಗೆ ಮಾತಾಡುವುದಕ್ಕೆ ನನಗೆ ಹಕ್ಕಿದೆ ಅಂತಲೇ ತಿಳಿದಿದ್ದೆ. ಮನೆ ಕಂದಾಯ ಕಟ್ಟುವಾಗ ಅದರ ಮೇಲೆ ಶೇ. 6ರಷ್ಟು ಗ್ರಂಥಾಲಯ ಕರ ಸೇರುತ್ತದಲ್ಲ, 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ಕೃಪೆ. ವರ್ಷಕ್ಕೊಮ್ಮೆ ಆ ಚಿಲ್ಲರೆಯನ್ನು ಕಟ್ಟಿ, ಉಳಿದ ದಿನವೆಲ್ಲ ಗ್ರಂಥಾಲಯದ ಮಾಲೀಕನ ಗತ್ತಿನಲ್ಲಿ ಓಡಾಡುತ್ತಿದ್ದೆ. ಊರಿನವರು ಮಾತ್ರ ನನ್ನನ್ನು ಕರೆಯುವುದು 'ಲೈಬ್ರರಿ ಮೇಡಂ ಯಜಮಾನ್ರು' ಅಂತ. ಯಜಮಾನ್ರು ಅನ್ನುವ ಪದ ಇದೆಯಲ್ಲ ಅಂತ ಸಮಾಧಾನ ಮಾಡಿಕೊಂಡಿದ್ದೇನೆ.

2019ರಲ್ಲಿ ಹಳ್ಳಿಯ ಗ್ರಂಥಾಲಯಗಳೆಲ್ಲ ಗ್ರಂಥಾಲಯ ಇಲಾಖೆಯಿಂದ ಪಂಚಾಯತ್ ರಾಜ್ ಇಲಾಖೆಯ ಕೈಗೆ ಬಂದವು. ಮರುವರ್ಷ ನವೆಂಬರಿನ ಮಕ್ಕಳ ದಿನಾಚರಣೆಗೆ 'ಓದುವ ಬೆಳಕು' ಅಭಿಯಾನ ಶುರುವಾಗಿ, ಮಕ್ಕಳಿಗೆ ಸದಸ್ಯತ್ವ ಉಚಿತ ಅಂತಾಯಿತು. ಬೋರ್ಡಿನ ಮೇಲೆ 'ಅರಿವು ಕೇಂದ್ರ' ಅಂತ ಹೊಸ ಹೆಸರೂ ಬಂತು. ಅಲ್ಲಿಯವರೆಗೆ ನಾಲ್ಕು ಮಂದಿ ಹಿರಿಯರು ಬಂದು ಪೇಪರ್ ಓದಿ ರಾಜಕೀಯ ಮಾತಾಡಿ ಹೋಗುತ್ತಿದ್ದ ಜಾಗಕ್ಕೆ ಮಕ್ಕಳ ದಂಡು ನುಗ್ಗಿತು. ನನ್ನಾಕೆ ಕೆಲಸಕ್ಕೆ ಸೇರುವಾಗ ಕಲಿತಿದ್ದ ಗ್ರಂಥಾಲಯ ವಿಜ್ಞಾನದ ಸರ್ಟಿಫಿಕೇಟ್ ಕೋರ್ಸಿನಲ್ಲಿ ವರ್ಗೀಕರಣ ಇತ್ತು, ಸೂಚೀಕರಣ ಇತ್ತು, ದಾಖಲಾತಿ ವಹಿ ಬರೆಯುವ ಕ್ರಮ ಇತ್ತು. ಆರು ವರ್ಷದ ಹುಡುಗ ಬಂದು "ಆಂಟೀ, ಇದ್ರಲ್ಲಿ ಆನೆ ಎಲ್ಲೋಯ್ತು?" ಅಂತ ಕೇಳಿದರೆ ಏನು ಹೇಳಬೇಕು ಅನ್ನುವುದು ಇರಲಿಲ್ಲ. ಅದಕ್ಕೇ ತರಬೇತಿಗಳು ಸಾಲುಗಟ್ಟಿದವು. ಮೈಸೂರಿನ ಅಬ್ದುಲ್ ನಜೀರ್ ಸಾಬ್ ರಾಜ್ಯ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಸಂಸ್ಥೆಯಲ್ಲಿ ಕೂತವರು ಮಾತಾಡಿದರೆ ನಮ್ಮ ತಾಲ್ಲೂಕಿನ ಪರದೆಯ ಮೇಲೆ ಕಾಣಿಸುತ್ತಾರೆ. ಬೋರ್‌ವೆಲ್ ಕೊರೆಸಿ ಹಳ್ಳಿಗಳಿಗೆ ಕುಡಿಯುವ ನೀರು ಕೊಟ್ಟು 'ನೀರ್ ಸಾಬ್' ಅನ್ನಿಸಿಕೊಂಡ ಮಂತ್ರಿಯ ಹೆಸರಿನ ಸಂಸ್ಥೆ ಅದು. "ನೀರಿಗೂ ಪುಸ್ತಕಕ್ಕೂ ಏನೇ ಸಂಬಂಧ?" ಅಂದೆ. "ಎರಡೂ ಮನೆ ಬಾಗಿಲಿಗೆ ಬರ್ಬೇಕು ಕಣ್ರೀ" ಅಂದಳು. ತರಬೇತಿಗೆ ಕಳಿಸಿದರೆ ಹೆಂಗಸರ ಬಾಯಿಗೆ ಉತ್ತರ ಸಿದ್ಧವಾಗಿ ಸಿಗುತ್ತದೆ. ಇದನ್ನು ಇಲಾಖೆ ಮೊದಲೇ ಯೋಚಿಸಬೇಕಿತ್ತು.

ಒಂದು ಸಲ ಅವಳು ಎಸ್.ಆರ್. ರಂಗನಾಥನ್ ಅವರ ಕಥೆ ಕೇಳಿಕೊಂಡು ಬಂದಳು. ಆಗಸ್ಟ್ 12ರಂದು ಗ್ರಂಥಪಾಲಕರ ದಿನ ಆಚರಿಸುವುದು ಅವರ ಹೆಸರಿನಲ್ಲೇ. ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಗಣಿತದ ಮೇಷ್ಟ್ರಾಗಿದ್ದವರು 1924ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಗ್ರಂಥಪಾಲಕರಾದರು. ಹೋದ ಕೆಲವೇ ದಿನಕ್ಕೆ ಬೇಸತ್ತು, ನನ್ನನ್ನು ವಾಪಸ್ ಪಾಠಕ್ಕೆ ಕರೆಸಿಕೊಳ್ಳಿ ಅಂತ ಪ್ರಿನ್ಸಿಪಾಲರ ಮುಂದೆ ಹೋಗಿ ನಿಂತರಂತೆ.

ನಾನು ಪತ್ರಿಕೆ ಮಡಚಿಟ್ಟೆ. "ನೋಡಿದ್ಯಾ? ಅಷ್ಟು ದೊಡ್ಡ ಮನುಷ್ಯರೇ ನನ್ನ ಅಭಿಪ್ರಾಯಕ್ಕೆ ಬಂದಿದ್ರು."

"ಆಮೇಲೆ ಏನಾಯ್ತು ಅಂತ ಕೇಳಿ."

ಆಮೇಲೆ ಏನಾಯಿತೆಂದರೆ, ಮೊದಲು ಇಂಗ್ಲೆಂಡಿಗೆ ಹೋಗಿ ಅಲ್ಲಿನ ಪದ್ಧತಿ ಕಲಿತು ಬನ್ನಿ, ಬಂದ ಮೇಲೂ ಬೇಡ ಅನ್ನಿಸಿದರೆ ಮೇಷ್ಟ್ರ ಕೆಲಸ ಇದ್ದೇ ಇದೆ ಅಂದರಂತೆ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಪಾಠ ಕೇಳಿ, ಅಲ್ಲಿನ ಗ್ರಂಥಾಲಯಗಳನ್ನು ಸುತ್ತಿ, ಅಂಗಡಿಯೊಂದರಲ್ಲಿ ಮೆಕ್ಯಾನೊ ಆಟದ ಸಾಮಾನು ಜೋಡಿಸುವುದನ್ನು ನೋಡಿ, ಪುಸ್ತಕದ ವಿಷಯಗಳನ್ನೂ ಹೀಗೆ ಬಿಡಿಬಿಡಿಯಾಗಿ ಜೋಡಿಸಬಹುದಲ್ಲ ಅಂತ ಹೊಳೆದು ಬಂದವರು ಮತ್ತೆ ಗಣಿತದ ಕಡೆ ತಿರುಗಲಿಲ್ಲ. 1931ರಲ್ಲಿ ಗ್ರಂಥಾಲಯ ವಿಜ್ಞಾನದ ಐದು ಸೂತ್ರಗಳ ಪುಸ್ತಕ, 1933ರಲ್ಲಿ ಕೋಲನ್ ವರ್ಗೀಕರಣ. ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲೇ ಕಳೆದರು, 1962ರಲ್ಲಿ ಅಲ್ಲೇ ಡಿಆರ್‌ಟಿಸಿ ಅನ್ನುವ ತರಬೇತಿ ಕೇಂದ್ರ ಕಟ್ಟಿದರು.

"ಗಣಿತದ ಮೇಷ್ಟ್ರಿಗೇ ತರಬೇತಿ ಆದ್ಮೇಲೆ ಲೈಬ್ರರಿ ಅಂದ್ರೇನು ಅಂತ ಗೊತ್ತಾಗಿದ್ದು. ನೀವು ಎಫ್‌ಡಿಎ" ಅಂದಳು.

ಹೀಗೆ ಸೋತ ಮೇಲೆ ಸುಮ್ಮನಿರುವುದು ನನ್ನ ಜಾಯಮಾನವಲ್ಲ. ಇದೆಲ್ಲ ಬಿಳಿಯರ ಹುಚ್ಚು ಅಂದೆ. ಅದಕ್ಕೂ ಅವಳ ನೋಟ್‌ಬುಕ್ಕಿನಲ್ಲಿ ಉತ್ತರ ಇತ್ತು. ಬರೋಡೆಯ ಸಯಾಜಿರಾವ್ ಗಾಯಕವಾಡರು 1910ರಲ್ಲೇ ಅಮೆರಿಕದಿಂದ ಬೋರ್ಡೆನ್ ಎಂಬುವರನ್ನು ಕರೆಸಿ, ಮರುವರ್ಷವೇ ಗ್ರಂಥಾಲಯದ ಸಿಬ್ಬಂದಿಗೆ ತರಗತಿ ಶುರು ಮಾಡಿಸಿದ್ದರಂತೆ. ಮಹಾರಾಜರ ಕಾಲದಿಂದ ನಡೆದುಬಂದದ್ದಕ್ಕೆ ನಾನು ಯಾವತ್ತೂ ಎದುರಾಡಿದವನಲ್ಲ.

ಇನ್ನು ಪ್ರಯೋಗಗಳ ವಿಷಯ. ಓದುಗ ಬಂದು ಏನೋ ಒಂದು ಕೇಳಿದರೆ ಅವನಿಗೆ ನಿಜಕ್ಕೂ ಬೇಕಾದದ್ದು ಬೇರೆಯೇ ಇರಬಹುದು, ಆದ್ದರಿಂದ ನಿಧಾನವಾಗಿ ಪ್ರಶ್ನೆ ಕೇಳಿ ತಿಳಿದುಕೊಳ್ಳಬೇಕು ಅಂತ ಒಂದು ಪಾಠ. ಒಳ್ಳೆಯದೇ. ಆದರೆ ಬೆಳಿಗ್ಗೆ ಬಚ್ಚಲಿನಿಂದ "ಟವೆಲ್ ಎಲ್ಲೇ?" ಅಂತ ಕೂಗಿದವನಿಗೆ, "ಯಾವ ಥರದ ಟವೆಲ್ ನಿರೀಕ್ಷೆಯಲ್ಲಿದ್ದೀರಿ? ಈಗಾಗಲೇ ಎಲ್ಲೆಲ್ಲಿ ಹುಡುಕಿದ್ರಿ?" ಅಂತ ಬಾಗಿಲಾಚೆಯಿಂದ ಮೃದುವಾಗಿ ಕೇಳಿದರೆ ಹೇಗಾಗಬೇಡ? ಚಳಿಗಾಲ ಬೇರೆ. ಎಲ್ಲೂ ಹುಡುಕಿಲ್ಲ ಅನ್ನುವ ಸತ್ಯ ಹೊರಬಂದ ಮೇಲೆ, "ಓದುಗರು ಸ್ವಾವಲಂಬಿ ಆಗ್ಬೇಕು, ಅದೂ ಹೇಳಿಕೊಟ್ಟಿದ್ದಾರೆ" ಅಂತ ಅಡುಗೆಮನೆಗೆ ಹೋದಳು. ಟವೆಲು ನನ್ನ ಹೆಗಲ ಮೇಲೇ ಇತ್ತು ಅನ್ನುವುದು ಇಲ್ಲಿ ಅಪ್ರಸ್ತುತ.

ಆಮೇಲೆ ಗಟ್ಟಿ ಓದಿನ ತರಬೇತಿ ಬಂತು. ಮಕ್ಕಳಿಗೆ ಚಿತ್ರದ ಪುಸ್ತಕ ಹೇಗೆ ಹಿಡಿಯಬೇಕು, ಎಲ್ಲಿ ನಿಲ್ಲಿಸಬೇಕು, ಯಾವ ಪುಟದಲ್ಲಿ ಪ್ರಶ್ನೆ ಕೇಳಬೇಕು ಅನ್ನುವುದಕ್ಕೆಲ್ಲ ಕ್ರಮ ಇದೆಯಂತೆ. ಪುಸ್ತಕ ಕೇಳುವವರ ಕಡೆ ಮುಖ ಮಾಡಿರಬೇಕು, ಓದುವವರು ಪಕ್ಕದಿಂದ ಇಣುಕಿ ಓದಬೇಕು. ರಾತ್ರಿ ಊಟವಾದ ಮೇಲೆ ನನ್ನನ್ನು ಚಾಪೆಯ ಮೇಲೆ ಕೂರಿಸಿದಳು. ಮಂಡಿನೋವು ಅಂದಿದ್ದಕ್ಕೆ ಕುರ್ಚಿ ಮಂಜೂರಾಯಿತು. ಕಥೆಯಲ್ಲಿ ಒಂದು ಆನೆ ಸಂತೆಗೆ ಹೊರಡುತ್ತದೆ. ಮುಖಪುಟ ತೋರಿಸಿ, "ಈ ಚಿತ್ರ ನೋಡಿದ್ರೆ ಏನನ್ಸುತ್ತೆ?" ಅಂದಳು. "ಆನೆ" ಅಂದೆ. "ಪೂರ್ತಿ ವಾಕ್ಯದಲ್ಲಿ ಹೇಳಿ." ಅರವತ್ತು ದಾಟಿದವನು, ಸಾವಿರಾರು ಟಿಪ್ಪಣಿ ಬರೆದವನು, "ಇದು ಒಂದು ಆನೆ" ಅಂತ ಪೂರ್ತಿ ವಾಕ್ಯದಲ್ಲಿ ಹೇಳಿದೆ. ಪುಟ ತಿರುಗಿಸಿದಳು. ಆನೆ ಹಳ್ಳದ ಸಂಕದ ಮುಂದೆ ನಿಂತಿದೆ. ಸಂಕ ಸಣ್ಣದು. "ಮುಂದೇನಾಗ್ಬಹುದು?" ಅಂತ ಕೇಳಿ, ಹೇಳಿಕೊಟ್ಟಿದ್ದಂತೆ ಕಾದಳು.

ಲೋಕೋಪಯೋಗಿ ಇಲಾಖೆಗೆ ಪತ್ರ ಬರೆಯಬೇಕು ಅಂದೆ.

ಅಷ್ಟರಲ್ಲಿ ಮೂಲೆಯಿಂದ ಅಮ್ಮ, "ಆನೆ ನೀರಿಗಿಳಿದು ದಾಟ್ತದೆ ಬಿಡು, ಅದಕ್ಕೆ ಸಂಕ ಯಾಕೆ?" ಅಂದಳು. ಎಂಬತ್ತು ದಾಟಿದ ಜೀವ, ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಧಾರಾವಾಹಿಯ ದನಿ ಯಾವಾಗ ಕಡಿಮೆ ಮಾಡಿದಳೋ ಗೊತ್ತಿಲ್ಲ. ನನ್ನಾಕೆ ಕುರ್ಚಿಯನ್ನೂ ನನ್ನನ್ನೂ ಬಿಟ್ಟು ಚಾಪೆಯನ್ನು ಆ ಮೂಲೆಗೆ ಎಳೆದುಕೊಂಡು ಹೋದಳು. ಅಮ್ಮ ಪುಸ್ತಕದ ಮೇಲೆ ಬೆರಳಿಟ್ಟು ಆನೆಯ ಸೊಂಡಿಲು ಸವರಿದಳು. ಪುಟ ತಿರುಗಿಸುವ ಮೊದಲು "ತಾಳು ತಾಳು" ಅಂದಳು. ನಾನು ನಡುವೆ ಏನೋ ಹೇಳಹೋದರೆ, "ಸುಮ್ನಿರೋ, ಕಥೆ ಕೇಳ್ಸಲ್ಲ" ಅಂತ ಗದರಿಸಿದಳು. ಆನೆಗೆ ಮುಂದೇನಾಯಿತು ಅಂತ ಇವತ್ತಿಗೂ ನನಗೆ ಯಾರೂ ಹೇಳಿಲ್ಲ. ನನ್ನದು ಕೆಳಗಿನ ಹಂತದ ಓದು, ಅಮ್ಮನದು ಮೇಲಿನದು ಅಂತ ಮನೆಯಲ್ಲಿ ತೀರ್ಮಾನವಾಗಿದೆ.

ಲೈಬ್ರರಿಯಲ್ಲಿ ಅದೇ ಪುಸ್ತಕ ಓದಿದ ದಿನ ಮಕ್ಕಳು ಬೆಂಚು ಬಿಟ್ಟು ನೆಲಕ್ಕೆ ಇಳಿದು ಅವಳ ಸುತ್ತ ಕವಿದರಂತೆ. ಆಮೇಲೆ ಆ ಪುಸ್ತಕ ಕಪಾಟಿನಲ್ಲಿ ನಿಲ್ಲಲೇ ಇಲ್ಲ, ಕೈಯಿಂದ ಕೈಗೆ ಹೋಗಿ ಬೆನ್ನು ಹರಿಯಿತು. ಇಲ್ಲಿ ನನ್ನೊಳಗಿನ ಎಫ್‌ಡಿಎ ಎಚ್ಚರಗೊಂಡ. ಪುಸ್ತಕ ಸರ್ಕಾರಿ ಆಸ್ತಿ. ದಾಸ್ತಾನು ಪರಿಶೀಲನೆಯಲ್ಲಿ ಒಂದು ಕಡಿಮೆ ಬಂದರೂ ಉತ್ತರ ಕೊಡಬೇಕಾದವಳು ಇವಳು. ಕಪಾಟಿಗೆ ಬೀಗ ಹಾಕು, ಕೇಳಿದವರಿಗೆ ಕೇಳಿದಷ್ಟೇ ತೆಗೆದುಕೊಡು, ಸಂಜೆ ಎಣಿಸು ಅಂತ ಕ್ರಮಬದ್ಧವಾದ ಕಾರ್ಯಸೂಚಿಯನ್ನೇ ಬರೆದುಕೊಟ್ಟೆ. ಈ ದೇಶದ ಎಷ್ಟೋ ಗ್ರಂಥಾಲಯಗಳು ನನ್ನ ಕಾರ್ಯಸೂಚಿಯ ಪ್ರಕಾರವೇ ನಡೆದುಬಂದವು ಅನ್ನುವುದು ನಿಮಗೂ ಗೊತ್ತು. ಗಾಜಿನ ಬೀರುವಿನೊಳಗಿನ ಪುಸ್ತಕವನ್ನು ಹೊರಗಿನಿಂದಲೇ ನೋಡಿ ಬೆಳೆದವರಲ್ಲವೆ ನಾವು. ಅವಳು ಹಾಳೆಯನ್ನು ಓದಿ, ಮಡಚಿ, ಹರಿದ ಪುಸ್ತಕದ ಬೆನ್ನಿಗೆ ಒಳಗಿನಿಂದ ಆನಿಸಿ ಗೋಂದು ಹಚ್ಚಿದಳು. ಹರಿದ ಪುಸ್ತಕಕ್ಕೆ ಸೆಲ್ಲೊಟೇಪ್ ಹಚ್ಚಬಾರದು, ಅಂಟು ಹಳದಿಯಾಗಿ ಕಾಗದವನ್ನೇ ತಿನ್ನುತ್ತದೆ ಅಂತ ತರಬೇತಿಯಲ್ಲಿ ಹೇಳಿದ್ದರಂತೆ. ಸೇವಾವಧಿಯಲ್ಲಿ ನಾನು ಬರೆದ ಟಿಪ್ಪಣಿಗಳಲ್ಲಿ ನಿಜಕ್ಕೂ ಉಪಯೋಗಕ್ಕೆ ಬಂದದ್ದು ಅದೊಂದೇ ಇರಬೇಕು.

ಇದಕ್ಕಿಂತ ಭಯಂಕರವಾದದ್ದು ವೀಡಿಂಗ್. ಹಳೆಯ, ಸವೆದ, ಯಾರೂ ಮುಟ್ಟದ ಪುಸ್ತಕಗಳನ್ನು ಬೇರೆ ಮಾಡಿ, ನಿಯಮದ ಪ್ರಕಾರ ಮೇಲಿನವರ ಒಪ್ಪಿಗೆ ಪಡೆದು ವಜಾ ಮಾಡುವುದು. ಅಮೆರಿಕದ ಟೆಕ್ಸಾಸಿನವರು ಇದಕ್ಕೆಂದೇ ಒಂದು ಕೈಪಿಡಿ ಮಾಡಿ ಆರು ಪ್ರಶ್ನೆ ಇಟ್ಟಿದ್ದಾರೆ. ಆನ್‌ಲೈನ್ ಪಾಠವೊಂದರಲ್ಲಿ ಕೇಳಿ ಬರೆದುಕೊಂಡಿದ್ದಳು. ಅಟ್ಟದ ಮೇಲೆ ನಾನು ಮದುವೆಗೆ ಮುಂಚಿನಿಂದ ಜೋಪಾನ ಮಾಡಿದ್ದ 'ಸುಧಾ', 'ಮಯೂರ', 'ತರಂಗ'ದ ಕಟ್ಟುಗಳಿದ್ದವು. ಅವುಗಳ ಮುಂದೆ ನಿಂತು ಒಂದೊಂದೇ ಓದಿದಳು. ತಪ್ಪು ಮಾಹಿತಿ ಕೊಡುತ್ತದೆಯೇ? ಸವೆದು ಅಂದಗೆಟ್ಟಿದೆಯೇ? ಇದಕ್ಕಿಂತ ಹೊಸದು ಬಂದಿದೆಯೇ? ಹೇಳಿಕೊಳ್ಳುವಂಥ ಹುರುಳಿದೆಯೇ? ಇಲ್ಲಿನವರಿಗೆ ಬೇಕೇ?

ಕೇಳುತ್ತ ಕೇಳುತ್ತ ಇವು ಪತ್ರಿಕೆಗಳ ಬಗ್ಗೆ ಇರುವ ಪ್ರಶ್ನೆಗಳೇ ಅಂತ ಅನುಮಾನ ಬಂತು. ಐದಕ್ಕೆ ಐದೂ ನನಗೇ ಹೊಂದುತ್ತಿದ್ದವು. ಆರನೆಯದು: ಬೇರೆ ಕಡೆ ಸುಲಭವಾಗಿ ಸಿಗುತ್ತದೆಯೇ?

ಅವಳು ನನ್ನ ಕಡೆ ನೋಡಿ, "ಅದೊಂದ್ರಲ್ಲಿ ಉಳ್ಕೊಂಡ್ರಿ" ಅಂದಳು.

ಕಟ್ಟುಗಳು ಉಳಿಯಲಿಲ್ಲ. ಅವುಗಳಲ್ಲಿ ಗೆದ್ದಲು ಹಿಡಿಯದ ಮಕ್ಕಳ ಪುಟಗಳನ್ನು ಕತ್ತರಿಸಿ ಲೈಬ್ರರಿಯ ಗೋಡೆಗೆ ಅಂಟಿಸಿದ್ದಾಳೆ. ಉಳಿದದ್ದು ಕೇಜಿ ಲೆಕ್ಕದಲ್ಲಿ ಹೋಗಿ, ಬಂದ ದುಡ್ಡಿನಲ್ಲಿ ಒಂದು ಚೆಸ್ ಮಣೆ ಬಂತು. ಆ ಮಣೆಯಲ್ಲಿ ನನ್ನನ್ನು ಏಳನೇ ಕ್ಲಾಸಿನ ಹುಡುಗಿಯೊಬ್ಬಳು ಸೋಲಿಸುತ್ತಿರುತ್ತಾಳೆ.

ತಂತ್ರಜ್ಞಾನದ ವಿಷಯವನ್ನು ಬೇಗ ಮುಗಿಸುತ್ತೇನೆ, ಹೇಳಿಕೊಳ್ಳುವಂಥದ್ದಲ್ಲ. ಟೈಪ್‌ರೈಟಿಂಗ್ ಸೀನಿಯರ್ ಪಾಸಾದವನೆಂದು ನಾನೇ ಅವಳಿಗೆ ಕಂಪ್ಯೂಟರ್ ಹೇಳಿಕೊಡುವುದಾಗಿ ಘೋಷಿಸಿದ್ದೆ. ಈಗ ನನ್ನ ಪಿಂಚಣಿಯ ಜೀವನ ಪ್ರಮಾಣಪತ್ರವನ್ನು ಅವಳೇ ಮೊಬೈಲಿನಲ್ಲಿ ಮಾಡಿಕೊಡುತ್ತಾಳೆ. ನಾನು ಬದುಕಿದ್ದೇನೆ ಅಂತ ಸರ್ಕಾರಕ್ಕೆ ಗೊತ್ತಾಗುವುದು ಹೆಂಡತಿಯ ಡಿಜಿಟಲ್ ಸಾಕ್ಷರತೆಯ ತರಬೇತಿಯಿಂದ.

ಆನ್‌ಲೈನ್ ತರಬೇತಿ ಹೆಚ್ಚಾಗಿ ನಡೆಯುವುದು ನಮ್ಮ ಅಡುಗೆಮನೆಯಲ್ಲಿ. ಕುಕ್ಕರ್ ಮೂರು ಕೂಗು ಹಾಕುವಷ್ಟರಲ್ಲಿ ಒಂದು ಅಧ್ಯಾಯ ಆಗುತ್ತದೆ. ಒಮ್ಮೆ ಪರದೆಯ ಆಚೆಯಿಂದ, ನಿಮ್ಮಲ್ಲಿ ಓದುವ ಮೂಲೆ ಹೇಗಿದೆ ತೋರಿಸಿ ಅಂತ ಕೇಳಿದರು. ಮನೆಯಲ್ಲಿದ್ದವಳು ಏನು ತೋರಿಸಬೇಕು? ಮೊಬೈಲನ್ನು ಹಜಾರದ ಕಡೆ ತಿರುಗಿಸಿದಳು. ಅಲ್ಲಿ ಪತ್ರಿಕೆಯನ್ನು ಮುಖದ ಮೇಲೆ ಹರಡಿಕೊಂಡು ಒಬ್ಬರು ಗೊರಕೆ ಹೊಡೆಯುತ್ತಿದ್ದರು. "ಹಿರಿಯ ನಾಗರಿಕರನ್ನೂ ಒಳಗೊಂಡಿದ್ದೀರಿ, ತುಂಬಾ ಸಂತೋಷ" ಅಂದರಂತೆ ಸಂಪನ್ಮೂಲ ವ್ಯಕ್ತಿ. ಆ ಬ್ಯಾಚಿನಲ್ಲಿ ಅವಳಿಗೆ ಒಳ್ಳೆಯ ಹೆಸರು ಬಂತು. ಅದರಲ್ಲಿ ನನ್ನ ಪಾಲೂ ಇದೆ ಅಂತ ಆಗಾಗ ನೆನಪಿಸುತ್ತಿರುತ್ತೇನೆ.

ನಗುವಷ್ಟೂ ನಕ್ಕೆವು, ಇನ್ನೊಂದು ಮಾತು ಹೇಳಬೇಕು. ಹಳ್ಳಿಯ ಗ್ರಂಥಾಲಯದಲ್ಲಿ ಇರುವುದು ಒಬ್ಬರೇ. ವರ್ಷಗಟ್ಟಲೆ ಗೌರವಧನದ ಮೇಲೆ ದುಡಿದವರು. ಮೇಲ್ವಿಚಾರಕಿ ಅವಳೇ, ಗುಮಾಸ್ತೆ ಅವಳೇ, ಕಸ ಗುಡಿಸುವವಳೂ ಅವಳೇ. ಅವಳು ತರಬೇತಿಗೆ ಹೋದ ದಿನ ಬಾಗಿಲಿಗೆ ಬೀಗ. ಮಕ್ಕಳಿಗಾಗಿ ಲೈಬ್ರರಿ ತೆರೆದಿಡುವುದು ಹೇಗೆ ಅಂತ ಕಲಿಯುವುದಕ್ಕೆ ಲೈಬ್ರರಿ ಮುಚ್ಚಬೇಕಾಗುತ್ತದೆ. ಕಲಿತು ಬಂದದ್ದನ್ನು ಮಾಡಿ ನೋಡಿ, ಎಡವಿ, ಮತ್ತೆ ಕೇಳೋಣ ಅಂದರೆ ಕೇಳುವುದಕ್ಕೆ ಪಕ್ಕದಲ್ಲಿ ಇನ್ನೊಬ್ಬ ಸಹೋದ್ಯೋಗಿ ಇಲ್ಲ. ಪಕ್ಕದ ಪಂಚಾಯಿತಿಯ ಮೇಲ್ವಿಚಾರಕಿಗೆ ಫೋನ್ ಮಾಡಿ ಅರ್ಧ ಗಂಟೆ ಮಾತಾಡುತ್ತಾಳಲ್ಲ, ಆ ಫೋನ್ ಮಾತೇ ಅವರಿಬ್ಬರ ನಿಜವಾದ ಮುಂದುವರಿದ ತರಬೇತಿ. ಮೊದಲೆಲ್ಲ ಅದನ್ನು ನಾನು ಹರಟೆ ಅಂದುಕೊಂಡಿದ್ದೆ.

ಹೀಗೆ ಬೀಗ ಬಿದ್ದ ಒಂದು ದಿನ ಊರಿಗೆ ಉಪಕಾರ ಮಾಡೋಣ ಅಂತ ನಾನು ಹೊರಟೆ. "ಬೀಗದ ಕೈ ಕೊಡಕ್ಕಾಗಲ್ಲ, ಜಗಲಿ ಮೇಲೆ ಕೂತು ವಾಪಸ್ ಬಂದ ಪುಸ್ತಕ ಇಸ್ಕೊಳಿ, ಪೇಪರ್ ಕೊಡಿ, ಅಷ್ಟೇ ಸಾಕು" ಅಂತ ಅಧಿಕಾರ ವ್ಯಾಪ್ತಿಯನ್ನು ನಿಗದಿಪಡಿಸಿ ಬಸ್ಸು ಹತ್ತಿದಳು. ಪುಟ್ಟ ಹುಡುಗಿಯೊಬ್ಬಳು ಬಂದು, "ತಾತಾ, ಆ ನೀಲಿ ಪುಸ್ತಕ ಬೇಕು" ಅಂದಳು. ಲೇಖಕರು ಯಾರು, ಪ್ರಕಾಶಕರು ಯಾರು ಅಂತ ವಿಚಾರಿಸಿದೆ. ಅಳುತ್ತ ಹೋದಳು. ಪೊಲೀಸ್ ಕಾನ್‌ಸ್ಟೆಬಲ್ ಪರೀಕ್ಷೆಗೆ ಓದುವ ಹುಡುಗ ಹಳೆಯ ಪ್ರಶ್ನೆಪತ್ರಿಕೆ ಕೇಳಿದ. ನಮ್ಮ ಕಾಲದ ನೇಮಕಾತಿ ಹೇಗಿತ್ತು ಅಂತ ವಿವರವಾಗಿ ತಿಳಿಸಿದೆ. ಅವನು ಮಧ್ಯದಲ್ಲೇ ಕೈಮುಗಿದು ಹೊರಟುಹೋದ. ಅಜ್ಜಿಯೊಬ್ಬಳು ವಿಧವಾ ವೇತನದ ಕಾಗದ ಹಿಡಿದು ಬಂದು, "ಮೇಡಮ್ಮನೇ ಓದಿ ಹೇಳ್ಬೇಕು" ಅಂತ ನನ್ನ ಕೈಗೆ ಕೊಡಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಜಗಲಿಯಲ್ಲಿ ಉಳಿದದ್ದು ನಾನು, ನಿನ್ನೆಯ ಪೇಪರು, ಮತ್ತು ನಾನು ಕೊಟ್ಟ ವಿವರಣೆ ಕೇಳುತ್ತ ಕೇಳುತ್ತ ನಿದ್ದೆ ಹೋದ ಒಬ್ಬ ಹಿರಿಯರು.

ಮರುದಿನ ಬಾಗಿಲು ತೆರೆದಾಗ ಆ ನೀಲಿ ಪುಸ್ತಕವನ್ನು ನನ್ನಾಕೆ ನಿಂತ ನಿಲುವಿನಲ್ಲೇ ತೆಗೆದುಕೊಟ್ಟಳಂತೆ. ಬಣ್ಣ ಹೇಳಿದರೆ ಸಾಕು, ಮಕ್ಕಳು ಪುಸ್ತಕ ನೆನಪಿಡುವುದೇ ಹಾಗೆ ಅಂತ ತರಬೇತಿಯಲ್ಲಿ ಹೇಳಿಕೊಟ್ಟಿದ್ದಾರೆ.

ಆದ್ದರಿಂದ ಪಂಚಾಯಿತಿ ಸದಸ್ಯರು, ಅಧಿಕಾರಿಗಳು ಯಾರಾದರೂ ಇದನ್ನು ಓದುತ್ತಿದ್ದರೆ ಒಂದು ಮನವಿ. ಮೇಲ್ವಿಚಾರಕಿಯರನ್ನು ತರಬೇತಿಗೆ ಖಂಡಿತ ಕಳಿಸಿ, ಪ್ರಯಾಣದ ಖರ್ಚನ್ನು ಸಕಾಲಕ್ಕೆ ಕೊಡಿ, ಆ ದಿನ ಗ್ರಂಥಾಲಯದ ಬಾಗಿಲು ತೆರೆಯಲು ತಿಳಿದವರೊಬ್ಬರನ್ನು ನೇಮಿಸಿ. ದಯವಿಟ್ಟು ಅವರ ಯಜಮಾನರನ್ನು ಮಾತ್ರ ಕೇಳಬೇಡಿ.